ಹನ್ನೆರಡನೆಯ ಕಾಲು

"ತಿಕ್ಕೇ, ಇನ್ನೂ ತಿಕ್ಕು. ಹಿಮ್ಮಡಿ ನೋಡು, ಹಿಮ್ಮಡಿ! ಆ ಬಿರುಕಿನಾಗೆ ರಾಗಿ ಚೆಲ್ಲಿದ್ರೆ ಪೈರು ಬತ್ತದೆ. ಇಂಥ ಕಾಲನ್ನ ಸ್ವಾಮಿಗಳ ಕೈಗೆ ಕೊಡೋದಾ? ಥೂ, ನಿಮ್ಮ ಜಲ್ಮಕ್ಕಿಷ್ಟು!"

ಚರ್ಚಿನಲ್ಲಿ ಪಾದ್ರಿಯ ಕೈಕೆಳಗೆ ಧರ್ಮಪಾಠ ಹೇಳುವ ಉಪದೇಶಿ ಇನ್ನಾಸಪ್ಪ ಬಾಗಿಲಲ್ಲಿ ನಿಂತಿದ್ದ. ಹೊಸ್ತಿಲು ದಾಟಿ ಒಳಗೆ ಬರುವವನಲ್ಲ ಅವನು. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹೊರಗಿನಿಂದಲೇ ಗದರುತ್ತಿದ್ದ. ಒಳಗೆ ಪಾಪಕ್ಕ ಗಂಡನ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಇಟ್ಟಿಗೆ ಚೂರಿನಿಂದ ಉಜ್ಜುತ್ತಿದ್ದಳು. ಬೆಳಗಿನಿಂದ ಎರಡು ಸಲ ಬಿಸಿನೀರು ಕಾಯಿಸಿ ಹುಯ್ದಾಗಿತ್ತು. ಉಪದೇಶಿಯೇ ಚರ್ಚಿನಿಂದ ತಂದುಕೊಟ್ಟ ಕೆಂಪು ಸೋಪು ಅರ್ಧ ಕರಗಿತ್ತು. ಅವಳ ಗಂಡ ಚೌರಪ್ಪ ಬೋರಲು ಹಾಕಿದ ಮಂಕರಿಯ ಮೇಲೆ ಮದುವೆ ಗಂಡಿನ ಹಾಗೆ ನೆಟ್ಟಗೆ ಕೂತು, ತನ್ನ ಕಾಲು ಬೆಳ್ಳಗಾಗುವುದನ್ನು ತಾನೇ ಬೆರಗಿನಿಂದ ನೋಡುತ್ತಿದ್ದ.

"ಉಗುರು ಕಿತ್ತಾಕ್ಲಾ ಉಪದೇಸಿಗಳೇ? ಒಸಿ ಕೆಂಪುಗೆ ಚೆಂದಾಗಿ ಕಾಣ್ತದೆ," ಎಂದಳು ಪಾಪಕ್ಕ, ತಲೆ ಎತ್ತದೆ.

"ನಿನ್ನ ಬಾಯಿಗೂ ಒಸಿ ಸೋಪು ಆಕ್ಕೊ. ದೊಡ್ಡ ಬೇಸ್ತವಾರದ ದಿನಾನಾದ್ರೂ ಶುದ್ಧವಾಗಿರ್ಲಿ."

"ಎಡಗಾಲು?"

"ಅದನ್ಯಾಕೆ ಕೇಳ್ತೀಯ? ಶಾಸ್ತ್ರದಲ್ಲಿ ತೊಳೆಯೋದು ಬಲಗಾಲು ಮಾತ್ರ. ಎಡಗಾಲನ್ನ ಪಂಚೆ ಒಳಗೆ ಮುಚ್ಕೊಂಡು ಸ್ಟೂಲಿನ ಕೆಳಗೆ ತಳ್ಳಿರಬೇಕು. ದೊರೆಯೋರು, ದೊರೆಸಾನಿ ಇಬ್ಬರೂ ಬತ್ತಾರೆ. ವಾಸನೆ ಬರದಂಗೆ ನಾಲ್ಕು ಸುತ್ತು ಜಾಸ್ತಿ ಬಟ್ಟೆ ಸುತ್ತು." ಇನ್ನಾಸಪ್ಪ ಕರವಸ್ತ್ರದ ಹಿಂದೆ ನಕ್ಕ. "ದೇವರು ಎರಡು ಕಾಲು ಕೊಟ್ಟಿದ್ದು ಒಳ್ಳೇದಾಯ್ತು ಬಿಡು. ಒಂದನ್ನಾದ್ರೂ ನಾಲ್ಕು ಜನಕ್ಕೆ ತೋರ್ಸಬೋದು."

ಅವನು ಹೋದ ಮೇಲೆ ಪಾಪಕ್ಕ ಅವನು ನಿಂತ ಜಾಗಕ್ಕೆ ಕೊಳೆನೀರು ಚೆಲ್ಲಿದಳು. ಚೌರಪ್ಪ ಬೇಡವೆಂಬಂತೆ ಕೈಯಾಡಿಸಿದ.

ಅವನ ಎಡಗಾಲು ಕಾಲಿನ ಲೆಕ್ಕದಲ್ಲೇ ಇರಲಿಲ್ಲ. ಹೋದ ಮಳೆಗಾಲದಲ್ಲಿ ಚಿನ್ನದ ಗಣಿಯೊಳಗೆ ಕಲ್ಲು ತುಂಬಿದ ಟ್ರಾಲಿ ಹಿಂದಕ್ಕೆ ಜಾರಿ ಪಾದದ ಮೇಲೆ ಹತ್ತಿತ್ತು. ಮೂರು ಬೆರಳು ಅಲ್ಲೇ ಹೋದವು, ಉಳಿದವು ಒಂದಕ್ಕೊಂದು ಅಂಟಿಕೊಂಡವು. ಆಮೇಲೆ ಗಾಯ ಮಾಯುವುದು, ಮತ್ತೆ ಒಡೆಯುವುದು, ಕೀವು ಸುರಿಯುವುದು, ಇದೇ ಬಾಳಾಯಿತು. ಟ್ರಾಲಿಯ ಕೊಂಡಿ ಸವೆದಿದೆ ಎಂದು ಅವತ್ತು ಚೌರಪ್ಪ ಮೊದಲೇ ಹೇಳಿದ್ದ. "ತಳ್ಳಲೇ ಬೋಳಿಮಗನೇ, ಕೊಂಡಿ ನೋಡಾಕೆ ನಿಮ್ಮಪ್ಪ ಇಂಜಿನಿಯರಾ?" ಎಂದು ಮೇಸ್ತ್ರಿ ಮರಿಯದಾಸ ಬೆನ್ನಿಗೆ ಒದ್ದು ತಳ್ಳಿಸಿದ್ದ. ಗಣಿಯ ಇಂಗ್ಲಿಷ್ ದೊರೆಯ ಮುಂದೆ ನಡೆದ ವಿಚಾರಣೆಯಲ್ಲಿ ಅದೇ ಮರಿಯದಾಸ ಕೊರಳಲ್ಲಿದ್ದ ಶಿಲುಬೆ ಮುಟ್ಟಿಕೊಂಡು, ಇವನು ಕುಡಿದು ಬಂದಿದ್ದ, ದೊರೆ, ಎಂದ. ಕುಡಿದು ಕಾಲು ಮುರಿದುಕೊಂಡವನಿಗೆ ಪರಿಹಾರವೂ ಇಲ್ಲ, ಕೆಲಸವೂ ಇಲ್ಲ. ಚೌರಪ್ಪ ಸಂಬಳದ ದಿನ ಹೆಂಡ ಕುಡಿಯುತ್ತಿದ್ದುದು ನಿಜ. ಅವತ್ತು ಒಂದು ತೊಟ್ಟೂ ಕುಡಿದಿರಲಿಲ್ಲ. ಜೊತೆಗೆ ಕಲ್ಲು ತುಂಬುತ್ತಿದ್ದವರಿಗೆಲ್ಲ ಅದು ಗೊತ್ತಿತ್ತು. ಬಾಯಿ ಬಿಟ್ಟರೆ ನಾಳೆ ತಮ್ಮ ಹೊಟ್ಟೆಗೆ ಕಲ್ಲು ಬೀಳುತ್ತದೆ ಎಂಬುದೂ ಗೊತ್ತಿತ್ತು. ಎಲ್ಲರೂ ನೆಲ ನೋಡಿಕೊಂಡು ನಿಂತಿದ್ದರು.

ಕಾಲು ತೊಳೆಯುವ ಶಾಸ್ತ್ರ ಗಣಿ ಕೂಲಿಗಳ ಸಾಲುಮನೆಗಳಿದ್ದ ಆ ಲೈನಿನ ಚರ್ಚಿಗೆ ಹೊಸದು. ಗಣಿಗಳನ್ನು ಮೈಸೂರು ಸರ್ಕಾರ ತೆಗೆದುಕೊಳ್ಳುತ್ತದಂತೆ ಎಂದು ಗುಲ್ಲೆದ್ದಿದ್ದ ವರ್ಷ ಅದು. ಯೇಸುಸ್ವಾಮಿ ಸಾಯುವ ಹಿಂದಿನ ದಿನ ತನ್ನ ಹನ್ನೆರಡು ಶಿಷ್ಯರ ಕಾಲು ತೊಳೆದನಲ್ಲ, ಹಾಗೆಯೇ ಇನ್ನು ಮೇಲೆ ಆ ಬೇಸ್ತವಾರದ ಸಂಜೆ ಪಾದ್ರಿಯೂ ಪೂಜೆಯ ನಡುವೆ ಎಲ್ಲರ ಕಣ್ಣೆದುರು ಮೊಣಕಾಲೂರಿ ಹನ್ನೆರಡು ಗಂಡಸರ ಕಾಲು ತೊಳೆಯಲಿ ಎಂದು ರೋಮಿನಿಂದ ಅಪ್ಪಣೆ ಬಂದಿತ್ತು. ಸುದ್ದಿ ಕೇಳಿದ್ದೇ ತಡ, ಬೆಂಚಿನವರಲ್ಲಿ ನೂಕುನುಗ್ಗಲು.

ಬೆಂಚಿನವರು ಎಂದರೆ ಚರ್ಚಿನಲ್ಲಿ ಮುಂದೆ ಬೆಂಚಿನ ಮೇಲೆ ಕೂರುವವರು. ಟೈಮ್‌ಕೀಪರು, ಕಾಂಪೌಂಡರು, ಹೆಡ್‌ಮಾಸ್ತರು, ಮೇಸ್ತ್ರಿ, ಕಂಟ್ರಾಕ್ಟರು. ಮತಕ್ಕೆ ಸೇರಿ ತಲೆಮಾರು ಕಳೆದರೂ ತಮ್ಮ ಹಳೆಯ ಜಾತಿಯನ್ನು ಟ್ರಂಕಿನಲ್ಲಿ ಮಡಿಸಿಟ್ಟುಕೊಂಡು, ಮದುವೆ ಮುಂಜಿಗೆ ಹೊರಗೆ ತೆಗೆಯುವ ಜನ. ಹಿಂದೆ ನೆಲದ ಮೇಲೆ ಕೂರುವವರು ನೆಲದವರು. ಅವರ ಜಾತಿಗೆ ಟ್ರಂಕು ಬೇಕಿರಲಿಲ್ಲ, ಅದು ಬೆಂಚಿನವರ ಬಾಯಲ್ಲೇ ಇರುತ್ತಿತ್ತು. ಶಿಲುಬೆಗೆ ಮುತ್ತಿಡುವುದು, ಪ್ರಸಾದ ತೆಗೆದುಕೊಳ್ಳುವುದು, ಎಲ್ಲದಕ್ಕೂ ಬೆಂಚು ಮೊದಲು, ನೆಲ ಆಮೇಲೆ.

ಪ್ರತಿ ವರ್ಷ ಲೈನಿನಲ್ಲಿ ಯೇಸುವಿನ ನಾಟಕ ಆಡಿ ಆಡಿ ಈ ಜನಕ್ಕೆ ಒಂದು ಅಭ್ಯಾಸವಾಗಿಬಿಟ್ಟಿತ್ತು. ಹನ್ನೆರಡು ಜನ ಕೂರಬೇಕು ಎಂದಾಗ ಅವರಿಗೆ ಕಂಡಿದ್ದು ಹನ್ನೆರಡು ಪಾರ್ಟು. ಮೇಸ್ತ್ರಿ ಮರಿಯದಾಸ, ಶಿಷ್ಯರಿಗೆಲ್ಲ ಹಿರಿಯನಾದ ಪೇತ್ರ ನಾನು ಎಂದ. ಎಲ್ಲರಿಗಿಂತ ಕಿರಿಯ ಶಿಷ್ಯ ಯೋವಾನ್ನನ ಪಾರ್ಟಿಗೆ ಕಾಂಪೌಂಡರಿಗೂ ಟೈಮ್‌ಕೀಪರಿಗೂ ಬಾಯಿ ಜಗಳವಾಗಿ, ಕಡೆಗೆ ವಯಸ್ಸಿನಲ್ಲಿ ಚಿಕ್ಕವನೆಂದು ಕಾಂಪೌಂಡರಿಗೆ ಸಿಕ್ಕಿತು. ಹಾಗೆ ಹನ್ನೊಂದು ತುಂಬಿತು. ಹನ್ನೆರಡನೆಯದು ಯೂದಾಸನದು, ಮೂವತ್ತು ಬೆಳ್ಳಿ ಕಾಸಿಗೆ ಯೇಸುವನ್ನು ಹಿಡಿದುಕೊಟ್ಟವನದು. ಆ ಜಾಗಕ್ಕೆ ಒಬ್ಬನೂ ಬರಲೊಲ್ಲ. ಯಾರೂ ಯಾರ ಪಾರ್ಟೂ ಅಲ್ಲ, ಸುಮ್ಮನೆ ಹನ್ನೆರಡು ಜನ ಕೂತರೆ ಸಾಕು ಎಂದು ಪಾದ್ರಿಗಳು ಹೇಳಿ ನೋಡಿದರು. ಚರ್ಚಿನ ಗಂಟೆ ಹೊಡೆಯುವವನೂ ಕೇಳಲಿಲ್ಲ. ನಾಳೆ ಮಗಳಿಗೆ ಗಂಡು ನೋಡಬೇಕು ಸ್ವಾಮಿ, ಯೂದಾಸನ ಮಗಳನ್ನು ಯಾರು ತಗೋತಾರೆ ಎಂದು ಕೈಮುಗಿದ.

ಆಗ ಉಪದೇಶಿಗೆ ನೆಲದವರ ನೆನಪಾಯಿತು. ಜಾಗವೂ ತುಂಬುತ್ತದೆ, ಬಡವರನ್ನೂ ಜೊತೆಗೆ ಕೂರಿಸಿದೆವೆಂದು ದೊರೆಗೆ ತೋರಿಸಿದಂತೆಯೂ ಆಗುತ್ತದೆ. ಯಾರಾದರೂ ಆದೀತು, ಆದರೆ ಎದುರು ಮಾತಾಡಬಾರದು.

ಎದುರು ಮಾತಾಡದಿರಲು ಚೌರಪ್ಪನಿಗೆ ಕಾರಣವಿತ್ತು. ಕೆಲಸ ಹೋದವನಿಗೆ ಲೈನಿನಲ್ಲಿ ರೂಮಿಲ್ಲ. ಈಸ್ಟರ್ ಕಳೆಯುತ್ತಲೂ ಖಾಲಿ ಮಾಡಬೇಕೆಂದು ಕಂಪನಿಯ ವಾಚ್‌ಮನ್ ಬಂದು ಬಾಗಿಲಿಗೆ ಲಾಠಿ ಬಡಿದು ಹೇಳಿ ಹೋಗಿದ್ದ. ಚೌರಪ್ಪ ಮರ್ಯಾದೆಯಾಗಿ ಬಂದು ಕೂತರೆ ಪಾದ್ರಿಗಳು ದೊರೆಯ ಕಿವಿಗೆ ಒಂದು ಮಾತು ಹಾಕುತ್ತಾರೆ, ರೂಮು ಉಳಿಯುತ್ತದೆ, ಮೇಲೆಯೇ ಕೂತು ಗಣಿಯ ದೀಪ ಒರೆಸುವ ಕೆಲಸವೂ ಸಿಗುತ್ತದೆ ಎಂದು ಇನ್ನಾಸಪ್ಪ ಆಸೆ ತೋರಿಸಿದ. ರೂಮು ಹೋದರೆ ಪಾಪಕ್ಕನಿಗೆ ಇದ್ದದ್ದು ಬಂಗಾರಪೇಟೆಯಾಚೆಯ ಹಳ್ಳಿ, ಅಲ್ಲಿ ಪಟೇಲ ಮುನಿಸ್ವಾಮಪ್ಪನ ಕೊಟ್ಟಿಗೆ. ಆ ಮನೆಯ ಜೀತ ತಪ್ಪಿಸಿಕೊಳ್ಳಲೆಂದೇ ಅವಳ ಮಾವ ಗಣಿಗೆ ಓಡಿಬಂದಿದ್ದು, ಜಾತಿ ತಪ್ಪಿಸಿಕೊಳ್ಳಲೆಂದೇ ತಲೆಗೆ ಜ್ಞಾನಸ್ನಾನದ ನೀರು ಹಾಕಿಸಿಕೊಂಡಿದ್ದು. ಎರಡೂ ತಪ್ಪಲಿಲ್ಲ, ಆ ಮಾತು ಬೇರೆ.

ಪಾದ್ರಿಗಳ ಮಾತಿನ ಬೆಲೆ ಪಾಪಕ್ಕನಿಗೆ ಮೊದಲೇ ಗೊತ್ತಿತ್ತು. ವಿಚಾರಣೆ ಮುಗಿದ ವಾರ ಅವಳು ಅವರ ಬಂಗಲೆಗೆ ಹೋಗಿದ್ದಳು. ಅವರು ಜಗಲಿಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತು ಪರಂಗಿಹಣ್ಣನ್ನು ಚಮಚದಿಂದ ತೋಡಿಕೊಂಡು ತಿನ್ನುತ್ತಿದ್ದರು. ಅವಳು ಮೆಟ್ಟಿಲ ಕೆಳಗೆ ಬಿಸಿಲಲ್ಲಿ ನಿಂತಳು.

"ಸಾಮಿ, ಮರಿಯದಾಸಪ್ಪ ಸುಳ್ಳು ಯೋಳವ್ರೆ. ನೀವು ದೊರೆಗೆ ಒಂದು ಮಾತು ಯೋಳ್ರಿ."

"ಸುಳ್ಳೆಂದು ನನಗೆ ಹೇಗೆ ತಿಳಿಯಬೇಕು, ಮಗಳೇ?"

"ವಾರವಾರ ಪಾಪ ಒಪ್ಕೊಳಾಕೆ ನಿಮ್ಮತ್ರ ಬತ್ತಾರಲ್ಲ. ಇದೂ ಯೋಳಿರ್ತಾರೆ."

ಪಾದ್ರಿಗಳ ಚಮಚ ನಿಂತಿತು. "ಅಲ್ಲಿ ಕೇಳಿದ್ದನ್ನು ನಾನು ಯಾರಿಗೂ ಹೇಳುವಂತಿಲ್ಲ. ಅದು ದೇವರ ಕಟ್ಟಳೆ."

"ಅಂಗಾರೆ ಒಪ್ಕೊಂಡವ್ರೆ ಅನ್ನಿ."

ಪಾದ್ರಿಗಳ ಮುಖ ಕೆಂಪಾಯಿತು. ಅವರು ಧ್ವನಿ ಮೆತ್ತಗೆ ಮಾಡಿಕೊಂಡರು. ನಿನ್ನ ಗಂಡನ ನೋವನ್ನು ಕ್ರಿಸ್ತನ ನೋವಿನ ಜೊತೆ ಸೇರಿಸು, ಕಷ್ಟ ಕೊಟ್ಟಿದ್ದಾನೆಂದರೆ ದೇವರಿಗೆ ನಿಮ್ಮ ಮೇಲೆ ಪ್ರೀತಿಯಿದೆ ಎಂದರ್ಥ, ಕಷ್ಟಪಟ್ಟವರಿಗೇ ಪುಣ್ಯ ಎಂದರು.

"ಆ ಪುಣ್ಯಾನ ಮೇಸ್ತ್ರಿಗೂ ಒಸಿ ಅಂಚ್ರಿ ಸಾಮಿ. ಎಲ್ಲಾನೂ ನಾವೇ ತಿಂದ್ರೆ ಅಜೀರ್ಣ ಆಯ್ತದೆ," ಎಂದಳು ಪಾಪಕ್ಕ.

ಪಾದ್ರಿಗಳು ಅಡಿಗೆಯವನನ್ನು ಕೂಗಿ, ಉಳಿದರ್ಧ ಹಣ್ಣನ್ನು ಇವಳಿಗೆ ಕೊಟ್ಟು ಕಳಿಸು ಎಂದರು. ಅವಳು ಅದನ್ನು ಬಂಗಲೆಯ ಗೇಟಿನ ಕಂಬದ ಮೇಲಿಟ್ಟು ಬಂದಳು.

ಯೇಸುವಿನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅವನೂ ಕೈ ಒಡೆದುಕೊಂಡು ದುಡಿದವನು, ಅವನ ಕಾಲಿಗೂ ಕಬ್ಬಿಣ ಹೊಕ್ಕಿತ್ತು, ಅವನ ಮೇಲೂ ಸುಳ್ಳು ಸಾಕ್ಷಿ ಹೇಳಿದ್ದರು. ಅಂಥವನನ್ನು ಈ ಬೆಂಚಿನವರ ವಶಕ್ಕೆ ಯಾರು ಕೊಟ್ಟರೋ ಎಂಬುದೊಂದೇ ಅವಳಿಗೆ ಅರ್ಥವಾಗುತ್ತಿರಲಿಲ್ಲ.

ಯೂದಾಸನ ವಿಷಯ ಅವಳಿಗೆ ತಿಳಿದದ್ದು ಆ ಬೇಸ್ತವಾರದ ಮಧ್ಯಾಹ್ನ, ನಲ್ಲಿಯ ಹತ್ತಿರ. ಬೇತಮಂಗಲದ ಕೆರೆಯ ನೀರು ಬಿಡುವ ಹೊತ್ತು, ಕೊಡಗಳ ಸಾಲು ಬೀದಿಯ ತುದಿಯವರೆಗೂ ಇತ್ತು. ಪಕ್ಕದ ರೂಮಿನ ಪೆದ್ದಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹತ್ತಿರ ಬಂದಳು.

"ಅಮ್ಮೀ, ನಿನ್ ಗಂಡನ್ನ ಯೂದಾಸ್ ಮಾಡವ್ರಂತೆ, ಅವುದಾ? ಆ ಜಾಗಕ್ಕೆ ಯಾರೂ ಬರ್ಲಿಲ್ವಂತೆ. ಗಂಟೆ ಒಡೆಯೋನ ಎಂಡ್ತಿ ನಗ್ತಾ ಇದ್ಲು ಕಣೇ."

ಪಾಪಕ್ಕ ಕೊಡವನ್ನು ಸಾಲಿನಲ್ಲೇ ಬಿಟ್ಟು ಮನೆಗೆ ಬಂದಳು. ಚೌರಪ್ಪ ಬಾಗಿಲ ಬಳಿ ಬಲಗಾಲನ್ನು ಒಂದು ಬಟ್ಟೆಯ ಮೇಲೆ ಚಾಚಿಕೊಂಡು, ಧೂಳು ತಾಗದ ಹಾಗೆ ಕಾಯುತ್ತ ಕೂತಿದ್ದ.

"ಏನಯ್ಯಾ, ನಿನ್ನ ಯಾರ ಜಾಗದಾಗೆ ಕುಂಡ್ರುಸ್ತಾರೆ ಗೊತ್ತಾ?"

"ಗೊತ್ತು ಕಣೇ."

"ಗೊತ್ತಾ?"

"ಉಪದೇಸಿ ನಮ್ಮನೆ ಬಾಗ್ಲಿಗೆ ಬಂದ ದಿನಾನೇ ಗೊತ್ತಾಯ್ತು. ಪೇತ್ರನ ಜಾಗಕ್ಕೆ ನನ್ನ ಕರೀತಾರೇನೆ, ದಡ್ಡಿ?"

"ಗೊತ್ತಿದ್ದೂ ಒಪ್ಕೊಂಡ್ಯಾ? ಥೂ, ನಿನ್ ಮಕ ಸುಟ್ಟೋಗ! ಇಡ್ಕೊಟ್ಟೋನು ಆ ಮರಿಯದಾಸ, ಯೂದಾಸ ನೀನಾ?"

ಚೌರಪ್ಪ ಬಲಗಾಲಿನ ಕೆಳಗಿನ ಬಟ್ಟೆಯನ್ನು ಸರಿಮಾಡಿಕೊಂಡ. "ಯಾವನಾಗಿ ಕುಂತ್ರೇನು ಅಮ್ಮಿ, ಒಂದು ಗಳಿಗೆ ಕುಂತಿರ್ತೀನಿ. ರೂಮು ಉಳಕಂತದೆ. ದೀಪ ಒರ್ಸೋ ಕೆಲ್ಸಕ್ಕೆ ಕಾಲು ಬೇಕಾಗಿಲ್ಲ. ನಿನ್ನ ಆ ಪಟೇಲನ ಕೊಟ್ಟಿಗೆಗೆ ಕಳ್ಸಾಕೆ ನನ್ ಕೈಲಾಗಾಕಿಲ್ಲ. ಯೂದಾಸ್ ಅಂತಾರಾ, ಅಂದ್ಕಳ್ಲಿ."

ಪಾಪಕ್ಕನಿಗೆ ಅಳು ಬಂತು. ಅವಳು ತನ್ನ ಹಳೆಯ ಸೀರೆಯ ಒಂದು ಮೂಲೆ ಹರಿದು, ಅವನ ಎಡಗಾಲಿಗೆ ಉಪದೇಶಿ ಹೇಳಿದ ಹಾಗೆಯೇ ನಾಲ್ಕು ಸುತ್ತು ಜಾಸ್ತಿ ಸುತ್ತಿದಳು.

ಸಂಜೆ ಚರ್ಚು ತುಂಬಿತ್ತು. ಗಂಡಸರ ಕಡೆ ನೆಲದ ಮೇಲೆ ಕಲ್ಲು ತುಂಬುವವರು, ಹೊಂಡ ತೋಡುವವರು, ಕಕ್ಕಸಿನ ಬಕೀಟು ಹೊರುವವರು ಮೊಣಕಾಲು ತಬ್ಬಿಕೊಂಡು ಕೂತಿದ್ದರು. ಹೆಂಗಸರ ಕಡೆ ಪಾಪಕ್ಕ ಒಂದು ಕಂಬಕ್ಕೆ ಒರಗಿದಳು. ಮುಂದೆ, ಪೀಠಕ್ಕೂ ಜನಕ್ಕೂ ನಡುವಿನ ಕಟಾಂಜನದ ಒಳಗೆ ಉದ್ದನೆಯ ಬೆಂಚು. ಅದರ ಮೇಲೆ ಹನ್ನೊಂದು ಜನ ಹೊಸ ಪಂಚೆಯುಟ್ಟು ಕೂತಿದ್ದರು. ಹನ್ನೆರಡನೆಯವನಿಗೆ ಜಾಗ ಸಾಲಲಿಲ್ಲವಂತೆ. ಸಾಲದೆ ಏನು, ಎಲ್ಲರೂ ಕಾಲಗಲಿಸಿ ಕೂತಿದ್ದರು. ಬೆಂಚಿನ ತುದಿಯಿಂದ ಒಂದು ಮಾರು ಆಚೆಗೆ ಸ್ಟೂಲು ಹಾಕಿದ್ದರು. ಚೌರಪ್ಪ ಅದರ ಮೇಲೆ, ಎಡಗಾಲನ್ನು ಸ್ಟೂಲಿನ ಕೆಳಗೆ ತಳ್ಳಿ, ಪಂಚೆ ಎಳೆದುಕೊಂಡು ಕೂತಿದ್ದ. ಗಣಿಯ ದೊರೆಗೂ ದೊರೆಸಾನಿಗೂ ಎದುರಿಗೇ 'ಕುಶನ್' ಹಾಕಿದ ಕುರ್ಚಿ.

ಲತೀನ್ ಭಾಷೆಯಲ್ಲಿ ಪೂಜೆ ಸಾಗಿತು. ಪ್ರಸಂಗದ ಹೊತ್ತಿಗೆ ಪಾದ್ರಿಗಳು ಜನರತ್ತ ತಿರುಗಿದರು. ಯೇಸುವಿನ ದೀನತೆಯ ಬಗ್ಗೆ ಬಹಳ ಚೆನ್ನಾಗಿ ಹೇಳಿದರು. ಪ್ರಭುವಾದವನು ಆಳಿನ ಹಾಗೆ ಬಗ್ಗಿದ ಎಂದರು. ಹೆಡ್‌ಮಾಸ್ತರ ಹೆಂಡತಿ ಕಣ್ಣೊರೆಸಿಕೊಂಡಳು. ಆಮೇಲೆ ಅವರು ಸ್ಟೂಲಿನ ಕಡೆ ಕೈ ಚಾಚಿದರು.

"ಇಂದು ನಮ್ಮ ನಡುವೆ ಒಬ್ಬ ಬಡ ಸಹೋದರನಿದ್ದಾನೆ. ಕುಡಿತಕ್ಕೆ ಬಲಿಯಾಗಿ ತನ್ನ ಕಾಲನ್ನು ತಾನೇ ಹಾಳುಮಾಡಿಕೊಂಡವನು. ತನ್ನ ತಪ್ಪಿಗೆ ಕಂಪನಿಯನ್ನೂ ಮೇಲಿನವರನ್ನೂ ದೂರಿದವನು. ಈಗ ಪಶ್ಚಾತ್ತಾಪಪಟ್ಟು ಇಲ್ಲಿ ಬಂದು ಕುಳಿತಿದ್ದಾನೆ. ಯೂದಾಸನನ್ನೂ ಪ್ರಭು ದೂರ ತಳ್ಳಲಿಲ್ಲ. ನಾವೂ ಇವನನ್ನು ತಳ್ಳುವುದಿಲ್ಲ."

ಅಷ್ಟನ್ನೂ ದೊರೆಗಾಗಿ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದರು. ದೊರೆ ಸಮಾಧಾನದಿಂದ ತಲೆಯಾಡಿಸಿದ. ಪೇತ್ರನ ಜಾಗದಲ್ಲಿದ್ದ ಮರಿಯದಾಸ ಎದೆಯ ಮೇಲೆ ಕೈಕಟ್ಟಿ ಕಣ್ಣು ಮುಚ್ಚಿಕೊಂಡ.

ಪಾಪಕ್ಕನ ಮೈಯೆಲ್ಲ ಉರಿಯಿತು. ಇಷ್ಟು ದಿನ ಆ ಸುಳ್ಳು ಗಣಿಯ ಆಫೀಸಿನದಾಗಿತ್ತು, ಮೇಸ್ತ್ರಿಯದಾಗಿತ್ತು. ಇವತ್ತು ಅದಕ್ಕೆ ಊದುಬತ್ತಿ ಹಚ್ಚಿ ದೇವರ ಬಾಯಲ್ಲಿ ಹೇಳಿಸಿದ್ದರು. ಚೌರಪ್ಪ ಅಲ್ಲಿ ಸುಮ್ಮನೆ ಕೂತಿದ್ದರೆ ಸಾಕು, ಹೌದು ಕುಡಿದಿದ್ದೆ ಎಂದು ಊರೆದುರಿಗೆ ಒಪ್ಪಿದಂತೆ. ಯೂದಾಸನಾಗಿ ಕೂರಲು ಒಪ್ಪಿದ್ದ ಅವನು; ಕುಡುಕನಾಗಿ ಕೂರುತ್ತಾನೆಂದು ಯಾರೂ ಅವನಿಗೆ ಹೇಳಿರಲಿಲ್ಲ. ದೂರದಿಂದ ಅವಳಿಗೆ ಕಂಡದ್ದು ಅವನ ಬಗ್ಗಿದ ಕುತ್ತಿಗೆ ಮಾತ್ರ.

ಪಾದ್ರಿಗಳು ಮೇಲಂಗಿ ತೆಗೆದು ಸೊಂಟಕ್ಕೆ ಟವೆಲು ಕಟ್ಟಿಕೊಂಡರು. ಉಪದೇಶಿ ಹಿತ್ತಾಳೆ ಬೋಗುಣಿಯನ್ನೂ ಹೂಜಿಯನ್ನೂ ಹಿಡಿದು ಹಿಂದೆ ಹೊರಟ. ಒಬ್ಬೊಬ್ಬರಾಗಿ ಬಲಗಾಲು ಚಾಚಿದರು. ಎಲ್ಲವೂ ಮನೆಯಲ್ಲೇ ತೊಳೆದ ಕಾಲು, ಪೌಡರು ಹಾಕಿದ ಕಾಲು. ಕಾಂಪೌಂಡರ ಕಾಲಿಗೆ ಸೆಂಟೂ ಇತ್ತು. ಹೆಡ್‌ಮಾಸ್ತರಿಗೆ ಕಚಗುಳಿಯಾಗಿ ಕಿಸಕ್ಕೆಂದರು. ಎರಡು ಹನಿ ನೀರು, ಒಂದು ಒರೆಸು, ಮುಂದಕ್ಕೆ. ಬೋಗುಣಿಯ ನೀರು ಹೇಗೆ ಹೋಯಿತೋ ಹಾಗೇ ತಿಳಿಯಾಗಿ ಬಂತು.

ಸ್ಟೂಲಿನ ಮುಂದೆ ಪಾದ್ರಿಗಳು ಮೊಣಕಾಲೂರಿದರು. ಚೌರಪ್ಪ ಬಲಗಾಲು ಚಾಚಿದ. ಉಪದೇಶಿ ಹೂಜಿ ಬಗ್ಗಿಸುವಷ್ಟರಲ್ಲಿ ಅವನು ಕಾಲನ್ನು ಹಿಂದಕ್ಕೆ ಎಳೆದುಕೊಂಡ.

ನಾಚಿಕೆಯೆಂದುಕೊಂಡು ಪಾದ್ರಿಗಳು ಮುಗುಳ್ನಕ್ಕರು. "ಕೊಡು ಮಗನೇ."

ಚೌರಪ್ಪ ಕೊಡಲಿಲ್ಲ. ಬಗ್ಗಿ ಎಡಗಾಲನ್ನು ಎರಡು ಕೈಯಿಂದ ಎತ್ತಿ ಸ್ಟೂಲಿನ ಕೆಳಗಿನಿಂದ ಹೊರಗೆ ತಂದ. ಬಟ್ಟೆಯ ಗಂಟಿಗೆ ಕೈ ಹಾಕಿದ. ಗಂಟು ಬಿಗಿಯಾಗಿತ್ತು, ಬಿಚ್ಚಿಕೊಳ್ಳಲಿಲ್ಲ. ಅವನು ತಲೆ ಎತ್ತಿ ಹೆಂಗಸರ ಕಡೆ ನೋಡಿದ.

"ಅಮ್ಮೀ, ಬಾರೇ. ಇದ್ನ ಬಿಚ್ಚು."

ಚರ್ಚಿನಲ್ಲಿ ಅಷ್ಟು ಗಟ್ಟಿಯಾಗಿ ಅವನು ಹಿಂದೆಂದೂ ಮಾತಾಡಿರಲಿಲ್ಲ. ಪಾಪಕ್ಕ ಎದ್ದಳು. ಎದ್ದವಳಿಗೆ ಒಂದು ಗಳಿಗೆ ರೂಮು ಕಣ್ಣ ಮುಂದೆ ಬಂತು, ಅದರ ತಗಡಿನ ಬಾಗಿಲು, ಒಲೆ. ಬಿಚ್ಚಿದರೆ ಅದು ಹೋಯಿತು. ಆಮೇಲೆ ಅವಳು ಕೂತವರ ನಡುವೆ ದಾರಿ ಮಾಡಿಕೊಂಡು ನಡೆದಳು, ಬೆಂಚುಗಳನ್ನು ದಾಟಿದಳು, ಯಾವ ಹೆಂಗಸೂ ದಾಟಬಾರದ ಕಟಾಂಜನದ ಬಾಗಿಲನ್ನು ತಳ್ಳಿಕೊಂಡು ಒಳಗೆ ಹೋದಳು.

"ಏಯ್, ಆಚೆ ಓಗೇ ಮುಂಡೆ!" ಎಂದು ಇನ್ನಾಸಪ್ಪ ಪಿಸುಗುಟ್ಟಿದ. "ಗಂಡ ಬದುಕಿರೋ ಮುತ್ತೈದೆ ನಾನು. ಮಾತು ನೆಟ್ಟಗಿರ್ಲಿ," ಎಂದಳು ಪಾಪಕ್ಕ, ಪಿಸುಗುಟ್ಟದೆ.

ಅವಳು ಕೂತು ಸುತ್ತುಗಳನ್ನು ಬಿಚ್ಚಿದಳು. ಕಡೆಯ ಸುತ್ತು ಗಾಯಕ್ಕೆ ಅಂಟಿತ್ತು. ಎಳೆದಾಗ ಚೌರಪ್ಪ ಹಲ್ಲು ಕಚ್ಚಿದ, ಕೂಗಲಿಲ್ಲ. ಆ ವಾಸನೆ ಊದುಬತ್ತಿಯನ್ನೂ ಕಾಂಪೌಂಡರ ಸೆಂಟನ್ನೂ ನುಂಗಿಕೊಂಡು ಮುಂದಿನ ಬೆಂಚಿಗೆ ಹೋಯಿತು. ದೊರೆಸಾನಿ ಮುಖಕ್ಕೆ ಬೀಸಣಿಗೆ ಅಡ್ಡ ಹಿಡಿದಳು. ಪಾಪಕ್ಕ ಗಂಡನ ಎಡಗಾಲನ್ನು ಎತ್ತಿ ಹಿತ್ತಾಳೆ ಬೋಗುಣಿಯೊಳಗೆ ಇಟ್ಟಳು. ಹನ್ನೊಂದು ಜನರ ತಿಳಿನೀರು ಕೆಂಪಾಯಿತು, ಆಮೇಲೆ ಹಳದಿಯಾಯಿತು.

"ಇದು ಸರಿಯಲ್ಲ, ಮಗಳೇ," ಎಂದರು ಪಾದ್ರಿಗಳು. ಅವರ ಮೊಣಕಾಲು ಇನ್ನೂ ನೆಲದಲ್ಲೇ ಇತ್ತು. "ಬಲಗಾಲು ಮಾತ್ರ. ಅದೇ ಪದ್ಧತಿ."

"ಯೇಸು ಯೂದಾಸನ ಕಾಲು ತೊಳ್ಯೋವಾಗ ಬಲಗಾಲಾ ಎಡಗಾಲಾ ಅಂತ ಕೇಳಿದ್ನಾ ಸಾಮಿ? ವಾಸ್ನೆ ಬತ್ತದೆ ಅಂದ್ನಾ?"

"ಪೂಜೆ ಮುಗಿಯಲಿ. ಆಮೇಲೆ ಮಾತಾಡೋಣ."

"ಆಮೇಲೆ ನಮ್ಗೆ ರೂಮಿರಾಕಿಲ್ಲ. ಈಗ್ಲೇ ಆಗ್ಲಿ." ಅವಳು ಬೆಂಚಿನ ಇನ್ನೊಂದು ತುದಿಯತ್ತ ತಿರುಗಿದಳು. ಮರಿಯದಾಸ ಎದ್ದು ನಿಂತಿದ್ದ. "ಕುಂತ್ಕಳ್ರಿ ಮೇಸ್ತ್ರಿ, ಎಲ್ಲಿಗೋಯ್ತೀರಾ? ಅವತ್ತು ಶಿಲುಬೆ ಮುಟ್ಟಿ ಯೋಳಿದ್ರಲ್ಲ, ಅದನ್ನೇ ಈಗ ಈ ಕಾಲು ಮುಟ್ಟಿ ಯೋಳ್ರಿ. ನನ್ ಗಂಡ ಅವತ್ತು ಕುಡಿದಿದ್ನಾ?"

ಮರಿಯದಾಸ ದೊರೆಯ ಮುಖ ನೋಡಿದ, ಪಾದ್ರಿಗಳ ಮುಖ ನೋಡಿದ. ಕಾಲಿನ ಕಡೆ ನೋಡಲಿಲ್ಲ.

"ಕುಡಿದಿರ್ಲಿಲ್ಲ!"

ಕೂಗು ಬಂದದ್ದು ಹಿಂದಿನಿಂದ, ನೆಲದಿಂದ. ಟ್ರಾಲಿಗೆ ಚೌರಪ್ಪನ ಜೊತೆ ಭುಜ ಕೊಟ್ಟಿದ್ದ ದಾಸಪ್ಪ ಎದ್ದು ನಿಂತಿದ್ದ. ತನ್ನ ಧ್ವನಿಗೆ ತಾನೇ ಹೆದರಿದವನ ಹಾಗೆ ಬಾಯಿ ಮುಚ್ಚಿಕೊಂಡ, ಮತ್ತೆ ತೆಗೆದ. "ಕೊಂಡಿ ಸವೆದೋಗಿತ್ತು. ಇವ್ನು ಯೋಳ್ದ. ಮೇಸ್ತ್ರಿ ಒದ್ರು. ನಾನು ಅಲ್ಲೇ ಇದ್ದೆ, ಬಾಯಿ ಮುಚ್ಕಂಡಿದ್ದೆ, ನಾಯಿನನ್ಮಗ ನಾನು."

ಉಪದೇಶಿ ಗಡಿಬಿಡಿಯಿಂದ ಹಾಡು ಎತ್ತಿದ. ಪ್ರೀತಿ ಇರುವಲ್ಲಿ ದೇವರಿದ್ದಾನೆ ಎಂಬ ಅರ್ಥದ ಹಾಡು, ಈ ಶಾಸ್ತ್ರಕ್ಕೆಂದೇ ಎರಡು ವಾರ ಎಲ್ಲರಿಗೂ ಕಲಿಸಿದ್ದ. ಬೆಂಚಿನಿಂದ ನಾಲ್ಕು ದನಿ ಸೇರಿದವು. ಹಿಂದಿನವರು ಬಾಯಿ ತೆರೆಯಲಿಲ್ಲ, ಹಾಡು ಎರಡನೆಯ ಸಾಲಿಗೇ ನಿಂತುಹೋಯಿತು.

ಆಗ ಹೊರಗೆ ಸೈರನ್ನು ಕೂಗಿತು. ಅದು ರಾತ್ರಿ ಪಾಳಿಯ ಕೂಗು. ಯಾವ ಪೂಜೆ ನಡೆಯುತ್ತಿರಲಿ, ಆ ಕೂಗಿಗೆ ನೆಲದವರು ಎದ್ದು ಹಣೆ ಮುಟ್ಟಿಕೊಂಡು ಹೊರಡುವುದು ರೂಢಿ. ತಡವಾದರೆ ಗಣಿಯ ಗೇಟು ಮುಚ್ಚುತ್ತದೆ, ಅಂದಿನ ಕೂಲಿ ಹೋಗುತ್ತದೆ. ದೊರೆ ಗಡಿಯಾರ ನೋಡಿಕೊಂಡ. ಕುರ್ಚಿಯಲ್ಲಿ ತಿರುಗಿ ಹಿಂದೆ ನೋಡಿದ. ದಾಸಪ್ಪನೊಬ್ಬನೇ ನಿಂತಿದ್ದ, ಮಿಕ್ಕವರು ಕೂತ ಜಾಗದಿಂದ ಅಲುಗಾಡಿರಲಿಲ್ಲ. ದಾಸಪ್ಪ ಸುತ್ತ ನೋಡಿ ತಾನೂ ಮತ್ತೆ ಕೂತುಕೊಂಡ.

ಪಾದ್ರಿಗಳ ಹಣೆಯಿಂದ ಬೆವರು ಇಳಿಯುತ್ತಿತ್ತು. ಏಳಲು ಒಂದು ಕೈ ನೆಲಕ್ಕೆ ಊರಿದರು, ಇಡೀ ಚರ್ಚು ನೋಡುತ್ತಿದ್ದುದು ಕಂಡು ಹಾಗೇ ಉಳಿದರು. ಸೈರನ್ನು ಎರಡನೆಯ ಸಲ ಕೂಗಿತು. ಪಾಪಕ್ಕ ಉಪದೇಶಿಯ ಕೈಯಿಂದ ಹೂಜಿಯನ್ನು ಕಿತ್ತುಕೊಂಡು ಪಾದ್ರಿಗಳ ಕೈಗೆ ಕೊಟ್ಟಳು.

"ಉಯ್ರಿ ಸಾಮಿ," ಎಂದಳು.